ಎಟಿವಿಯ ಹಿಂದಿನ ಶಾಕ್: ಕಾಯಿಲೆ ಗುರುತಿಸಿ, ಬಿಚ್ಚಿ, ಮತ್ತೆ ಕಟ್ಟುವುದು

ನಮ್ಮ ಮಿಶಿಗನ್‌ನಲ್ಲಿ ಏಪ್ರಿಲ್ ಬಂತೆಂದರೆ ಸಿಲ್ವರ್ ಲೇಕ್‌ನ ಮರಳು ದಿಬ್ಬಗಳ ಕಡೆಗೆ ಟ್ರೈಲರ್‌ಗಳ ಸಾಲು ಶುರುವಾಗುತ್ತದೆ. ಅಕ್ಟೋಬರ್ ಕೊನೆಯವರೆಗೂ ಅಲ್ಲಿ ಎಟಿವಿಗಳದ್ದೇ ರಾಜ್ಯ. ನೋಡದವರಿಗೆ ಹೇಳುವುದಾದರೆ, ಎಟಿವಿಗೆ ನಾಲ್ಕು ದಪ್ಪ ಚಕ್ರ, ಬೈಕಿನಂಥ ಸೀಟು ಮತ್ತು ಹ್ಯಾಂಡಲ್ ಇರುತ್ತದೆ. ಮರಳು, ಕೆಸರು, ಕಾಡಿನ ದಾರಿ ಯಾವುದಾದರೂ ಅದಕ್ಕೆ ಸರಿ. ನಮ್ಮ ಶಾಲೆಯ ಕೆಲವು ಮನೆಗಳಲ್ಲಿ ಹಳೆಯ ಎಟಿವಿ ಇದೆ, ಇನ್ನು ಕೆಲವರು ಸೆಕೆಂಡ್‌ಹ್ಯಾಂಡ್ ಕೊಳ್ಳುವ ಯೋಚನೆಯಲ್ಲಿದ್ದಾರೆ. ಹಳೆಯ ಗಾಡಿಯಲ್ಲಿ ಎಲ್ಲರೂ ಎಂಜಿನ್ ಶಬ್ದ ಕೇಳುತ್ತಾರೆ, ಟೈರ್ ನೋಡುತ್ತಾರೆ. ಸೀಟಿನ ಕೆಳಗೆ ಮಣ್ಣು ಮೆತ್ತಿಕೊಂಡು ಕೂತಿರುವ ಹಿಂದಿನ ಶಾಕ್ ಅಬ್ಸಾರ್ಬರನ್ನು ಯಾರೂ ಮಾತಾಡಿಸುವುದಿಲ್ಲ. ಈ ತಿಂಗಳು ನಾನು ಅದನ್ನೇ ಮಾತಾಡಿಸುತ್ತೇನೆ.

ಮೊದಲು ಒಂದು ವಿಷಯ ಸ್ಪಷ್ಟವಾಗಲಿ. ಶಾಕ್ ಎಂದು ನಾವು ಕರೆಯುವುದು ಒಂದು ವಸ್ತುವಲ್ಲ, ಎರಡು. ಹೊರಗೆ ಸುರುಳಿಯಾಗಿ ಕಾಣುವುದು ಸ್ಪ್ರಿಂಗ್. ಅದರ ಒಳಗೆ ನಿಂತಿರುವ ಕೊಳವೆ ಡ್ಯಾಂಪರ್. ಗಾಡಿಯ ಮತ್ತು ನಿಮ್ಮ ಭಾರ ಹೊರುವುದು ಸ್ಪ್ರಿಂಗ್‌ನ ಕೆಲಸ. ಆದರೆ ಸ್ಪ್ರಿಂಗ್‌ಗೆ ಮರೆವಿಲ್ಲ, ನೀವು ಅದರ ಮೇಲೆ ಎಷ್ಟು ಶಕ್ತಿ ಹಾಕಿದಿರೋ ಹೆಚ್ಚುಕಡಿಮೆ ಅಷ್ಟನ್ನೂ ವಾಪಸ್ ಎಸೆಯುತ್ತದೆ. ಹಾಗೆ ಎಸೆಯದಂತೆ ತಡೆಯುವುದು ಡ್ಯಾಂಪರ್. ಅದರೊಳಗೆ ಎಣ್ಣೆ ತುಂಬಿದೆ, ಎಣ್ಣೆಯಲ್ಲಿ ಒಂದು ಪಿಸ್ಟನ್ ಓಡಾಡುತ್ತದೆ, ಪಿಸ್ಟನ್‌ನಲ್ಲಿ ಸಣ್ಣ ತೂತುಗಳಿವೆ. ಎಣ್ಣೆ ಆ ತೂತುಗಳಲ್ಲಿ ಕಷ್ಟಪಟ್ಟು ನುಗ್ಗಬೇಕು. ಆ ಕಷ್ಟದಲ್ಲಿ ಜಿಗಿತದ ಶಕ್ತಿಯೆಲ್ಲ ಬಿಸಿಯಾಗಿ ಹೋಗುತ್ತದೆ. ಸೂಜಿ ಇಲ್ಲದ ಸಿರಿಂಜ್‌ನಲ್ಲಿ ನೀರು ತುಂಬಿ ಒತ್ತಿ ನೋಡಿ, ಮೆಲ್ಲಗೆ ಒತ್ತಿದರೆ ಸಲೀಸು, ಜೋರಾಗಿ ಒತ್ತಿದರೆ ಕೈಗೆ ಎದುರು ನಿಲ್ಲುತ್ತದೆ. ಅದೇ ತತ್ವ.

ಎಷ್ಟು ಶಕ್ತಿ ಎಂದು ಲೆಕ್ಕ ಹಾಕೋಣ, ಒಂಬತ್ತನೇ ಕ್ಲಾಸಿನ ಭೌತಶಾಸ್ತ್ರ ಸಾಕು. ಗಾಡಿ 180 ಕಿಲೋ, ಸವಾರ 60 ಕಿಲೋ, ಒಟ್ಟು 240 ಕಿಲೋ. ಒಂದು ಮೀಟರ್ ಎತ್ತರದಿಂದ ಬಿದ್ದರೆ 240 ಗುಣಿಸು 9.8, ಅಂದರೆ ಸುಮಾರು 2,350 ಜೂಲ್. ಅದರಲ್ಲಿ ಅರ್ಧ ಮಾತ್ರ ಹಿಂದಿನ ಶಾಕ್‌ಗೆ ಬಂತು ಎಂದುಕೊಂಡರೂ, 300 ಮಿಲಿಲೀಟರ್ ಎಣ್ಣೆಯನ್ನು ಒಂದೇ ಜಿಗಿತ ಸುಮಾರು 2 ಡಿಗ್ರಿ ಸೆಲ್ಸಿಯಸ್ ಬಿಸಿ ಮಾಡಬಲ್ಲದು. ಇನ್ನು ಹತ್ತು ನಿಮಿಷದಲ್ಲಿ ನೂರು ಉಬ್ಬು ದಾಟಿದರೆ? ಒಳ್ಳೆಯ ಓಟದ ನಂತರ ಶಾಕ್ ಮುಟ್ಟಿದರೆ ಕೈ ಹಿಂದೆಳೆದುಕೊಳ್ಳುವಷ್ಟು ಬಿಸಿ ಇರುವುದು ಇದಕ್ಕೇ.

ಇಷ್ಟೆಲ್ಲ ತಲೆಬಿಸಿ ಮೊದಲಿನ ಗಾಡಿಗಳಿಗೆ ಇರಲಿಲ್ಲ. ಹೋಂಡಾ ಕಂಪನಿ 1970ರಲ್ಲಿ ಮಾರುಕಟ್ಟೆಗೆ ತಂದ ಯುಎಸ್90 ಎಂಬ ಮೂರು ಚಕ್ರದ ಗಾಡಿಗೆ ಸಸ್ಪೆನ್ಷನ್ನೇ ಇರಲಿಲ್ಲ. ಬಲೂನಿನಂಥ ಟೈರುಗಳೇ ಅದರ ಸ್ಪ್ರಿಂಗ್. ಬೈಕಿನ ಹಿಂಭಾಗಕ್ಕೆ ಎರಡರ ಬದಲು ಒಂದೇ ದೊಡ್ಡ ಶಾಕ್ ಹಾಕುವ ವಿನ್ಯಾಸವನ್ನು ಬೆಲ್ಜಿಯಂನ ಲೂಸಿಯನ್ ಟಿಲ್ಕೆನ್ಸ್ ಎಂಬ ಎಂಜಿನಿಯರ್ ಯಮಾಹಾ ಕಂಪನಿಗೆ ಕೊಟ್ಟರು. 1973ರಲ್ಲಿ ಹೋಕನ್ ಆಂಡರ್ಸನ್ ಅದೇ ವಿನ್ಯಾಸದ ಯಮಾಹಾ ಬೈಕಿನಲ್ಲಿ 250 ಸಿಸಿ ಮೋಟೋಕ್ರಾಸ್ ವಿಶ್ವ ಚಾಂಪಿಯನ್ ಆದರು. ಇವತ್ತು ಸ್ಪೋರ್ಟ್ ಎಟಿವಿಗಳ ಹಿಂಭಾಗದಲ್ಲಿ ಒಂಟಿಯಾಗಿ ನಿಂತಿರುವ ಶಾಕ್ ಆ ಕುಟುಂಬದ್ದೇ.

ಸತ್ತಿದೆಯೋ, ಸುಸ್ತಾಗಿದೆಯೋ?

ನಮ್ಮ ಮನೆಯ ಗಾಡಿ ಕಳೆದ ಬೇಸಿಗೆಯಿಂದ ಹಿಂದಿನಿಂದ ಒದೆಯಲು ಶುರು ಮಾಡಿತು. ಉಬ್ಬು ದಾಟಿದ ಮೇಲೆ ಹಿಂದಿನ ಚಕ್ರಗಳು ನೆಲಕ್ಕೆ ಅಂಟಿಕೊಳ್ಳದೆ ಮೇಲಕ್ಕೆ ಪುಟಿಯುತ್ತಿದ್ದವು. ಇದು ಬರೀ ಸೊಂಟನೋವಿನ ಪ್ರಶ್ನೆಯಲ್ಲ. ಹಿಂಭಾಗ ಒದ್ದಾಗ ಸವಾರ ಹ್ಯಾಂಡಲ್ ಮೇಲಿಂದ ಮುಂದಕ್ಕೆ ಹಾರುತ್ತಾನೆ, ಅವನ ಹಿಂದೆಯೇ 180 ಕಿಲೋ ಗಾಡಿ ಬರುತ್ತದೆ. ಅಮೆರಿಕನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, ಅಂದರೆ ಇಲ್ಲಿನ ಮಕ್ಕಳ ವೈದ್ಯರ ಸಂಘ, 16 ವರ್ಷಕ್ಕಿಂತ ಚಿಕ್ಕವರು ಎಟಿವಿ ಓಡಿಸಲೇಬಾರದು ಎನ್ನುತ್ತದೆ. ಅಮ್ಮ ಅದನ್ನು ಫ್ರಿಡ್ಜ್ ಮೇಲೆ ಅಂಟಿಸಿದ್ದಾರೆ. ನನಗೆ 16 ತುಂಬಿದ್ದು ಈ ವರ್ಷ, ತಂಗಿಗೆ ಇನ್ನೂ ಮೂರು ವರ್ಷ ಬಾಕಿ. ಅಮ್ಮನ ಮಾತು ಒಂದೇ: "ಒದೆಯೋದು ನಿಲ್ಲೋವರೆಗೂ ಆ ಗಾಡಿ ಟ್ರೈಲರ್ ಹತ್ತೋ ಹಾಗಿಲ್ಲ." ಅಪ್ಪನಿಗೆ ಮಾರಿಬಿಡುವ ಮನಸ್ಸು. ಅದನ್ನು ಯಾರಿಗಾದರೂ ಮಾರುವುದಾದರೂ ಕಾಯಿಲೆ ಏನು ಎಂದು ಹೇಳಿಯೇ ಮಾರಬೇಕಲ್ಲ ಎಂದು ನಾನು ವಾದ ಹೂಡಿದೆ. ಹಾಗೆ ತಪಾಸಣೆಗೆ ಅನುಮತಿ ಸಿಕ್ಕಿತು.

ನೀವು ಇದನ್ನು ಮಾಡುವುದಾದರೆ ದಯವಿಟ್ಟು ಶಾಕ್‌ನಿಂದ ಶುರು ಮಾಡಬೇಡಿ. ಮೊದಲು ಟೈರ್ ಗಾಳಿ ನೋಡಿ. ಎಟಿವಿ ಟೈರಿಗೆ ಬೇಕಾದ್ದು ಬಹಳ ಕಡಿಮೆ ಒತ್ತಡ, ಸಾಮಾನ್ಯವಾಗಿ ಹತ್ತು ಪಿಎಸ್‌ಐಗಿಂತಲೂ ಕೆಳಗೆ. ಕಾರಿನ ಗೇಜ್‌ನಲ್ಲಿ ಅಷ್ಟು ಸಣ್ಣ ಅಂಕಿ ಸರಿಯಾಗಿ ಕಾಣುವುದಿಲ್ಲ, ಕಡಿಮೆ ಒತ್ತಡದ ಗೇಜ್ ಬೇರೆಯೇ ಸಿಗುತ್ತದೆ. ಗಾಳಿ ಜಾಸ್ತಿಯಾದರೆ ಒಳ್ಳೆಯ ಶಾಕ್ ಇದ್ದರೂ ಗಾಡಿ ಚೆಂಡಿನ ಹಾಗೆ ಪುಟಿಯುತ್ತದೆ. ಆಮೇಲೆ ಹಿಂಭಾಗವನ್ನು ಗಟ್ಟಿ ಸ್ಟ್ಯಾಂಡ್ ಮೇಲೆ ಎತ್ತಿ, ಹಿಂದಿನ ಚಕ್ರ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಟಕ್ ಟಕ್ ಎಂದು ಸಡಿಲ ಕೇಳಿಸಿದರೆ ಶಾಕ್ ಹಿಡಿದಿರುವ ಲಿಂಕೇಜ್‌ನ ಬೇರಿಂಗ್ ಅಥವಾ ಬುಷ್ ಸವೆದಿದೆ. ಅದನ್ನು ಬಿಟ್ಟು ಶಾಕ್ ಒಂದನ್ನೇ ರಿಪೇರಿ ಮಾಡಿದರೆ ದುಡ್ಡು ದಂಡ.

ಈಗ ಶಾಕ್. ಅದರ ಹೊಳೆಯುವ ಸರಳನ್ನು ಬಟ್ಟೆಯಿಂದ ಒರೆಸಿ, ಸ್ವಲ್ಪ ದೂರ ಓಡಿಸಿ, ಮತ್ತೆ ನೋಡಿ. ತೆಳ್ಳಗೆ ಎಣ್ಣೆಯ ಪಸೆ ಇದ್ದರೆ ಚಿಂತೆಯಿಲ್ಲ, ಸೀಲ್ ತನ್ನನ್ನು ತಾನು ನೆನೆಸಿಕೊಳ್ಳಬೇಕು. ಒದ್ದೆಯಾಗಿ, ಅದರ ಮೇಲೆ ಮರಳು ಅಂಟಿ, ಸುತ್ತ ಕಪ್ಪು ಉಂಗುರ ಕಟ್ಟಿದ್ದರೆ ಸೀಲ್ ಹೋಗಿದೆ.

ಮುಂದಿನ ಪರೀಕ್ಷೆಗೆ ಯಾವ ಸಾಮಾನೂ ಬೇಡ. ಹಿಂದಿನ ಹಿಡಿಯ ಮೇಲೆ ಪೂರ್ತಿ ಭಾರ ಹಾಕಿ ಒತ್ತಿ, ತಟ್ಟನೆ ಬಿಡಿ. ಆರೋಗ್ಯವಾಗಿರುವ ಶಾಕ್ ಒಂದೇ ಸಲ ಮೇಲೆ ಬಂದು ನಿಲ್ಲುತ್ತದೆ. ನಮ್ಮದು ಮೂರು ಸಲ ಕುಣಿಯಿತು. ಇದನ್ನು ಮೈಸೂರಿನ ತಾತನಿಗೆ ವಿಡಿಯೋ ಕಾಲ್‌ನಲ್ಲಿ ತೋರಿಸಿದಾಗ ಅವರು ನಕ್ಕರು. "ನಮ್ಮ ಚೇತಕ್ ಸ್ಕೂಟರಿಗೂ ಮೆಕ್ಯಾನಿಕ್ ಹೀಗೇ ಒತ್ತಿ ನೋಡ್ತಿದ್ದ ಕಣೋ. ಕುಣಿದ್ರೆ ಎಣ್ಣೆ ಖಾಲಿ ಅಂತ ಅರ್ಥ."

ಶಾಕ್‌ನ ಕೆಳತುದಿಯಲ್ಲಿ ರೀಬೌಂಡ್ ತಿರುಪು ಇದ್ದರೆ ಅದನ್ನೂ ಬಳಸಿಕೊಳ್ಳಿ. ಈಗ ಎಷ್ಟನೇ ಕ್ಲಿಕ್‌ನಲ್ಲಿದೆ ಎಂದು ಎಣಿಸಿ ಬರೆದಿಟ್ಟುಕೊಂಡು, ಪೂರ್ತಿ ಒಳಗೆ ತಿರುಗಿಸಿ ಒತ್ತಿ ನೋಡಿ, ಆಮೇಲೆ ಪೂರ್ತಿ ಹೊರಗೆ ತಿರುಗಿಸಿ ಒತ್ತಿ ನೋಡಿ. ಎರಡರಲ್ಲೂ ಒಂದೇ ಥರ ಕುಣಿದರೆ ಒಳಗೆ ತಡೆಯುವವರು ಯಾರೂ ಇಲ್ಲ.

ಇಲ್ಲಿ ಬಹಳ ಜನ ಮಾಡುವ ಕೆಲಸವೊಂದಿದೆ, ನನಗೆ ಅದು ಸರಿ ಅನ್ನಿಸುವುದಿಲ್ಲ. ಹಿಂಭಾಗ ಮೆತ್ತಗಾಯಿತೆಂದು ಸ್ಪ್ರಿಂಗ್ ಮೇಲಿನ ಪ್ರೀಲೋಡ್ ರಿಂಗ್ ಬಿಗಿ ಮಾಡುತ್ತಾರೆ. ಗಾಡಿ ಎತ್ತರವಾಗುತ್ತದೆ, ಗಟ್ಟಿಯಾದಂತೆ ಅನ್ನಿಸುತ್ತದೆ. ಆದರೆ ಡ್ಯಾಂಪರ್ ಸತ್ತಿರುವಾಗ ಸ್ಪ್ರಿಂಗ್ ಬಿಗಿ ಮಾಡಿದರೆ ಒದೆತ ಕಡಿಮೆಯಾಗುವುದಿಲ್ಲ, ಜಾಸ್ತಿಯಾಗುತ್ತದೆ. ಸ್ಪ್ರಿಂಗ್‌ನ ಆರೋಗ್ಯಕ್ಕೆ ಬೇರೆ ಅಳತೆ ಇದೆ. ಚಕ್ರ ನೆಲ ಬಿಟ್ಟಿರುವಾಗ ಆಕ್ಸಲ್‌ನಿಂದ ಸೀಟಿನ ಪಕ್ಕದ ಯಾವುದಾದರೂ ಒಂದು ಗುರುತಿಗೆ ಅಳೆಯಿರಿ. ನಂತರ ಸವಾರ ಹೆಲ್ಮೆಟ್, ಬೂಟು ಸಮೇತ ಹತ್ತಿದ ಮೇಲೆ ಮತ್ತೆ ಅಳೆಯಿರಿ. ನಮ್ಮಲ್ಲಿ 24 ಇಂಚು ಇದ್ದದ್ದು 19 ಮುಕ್ಕಾಲಿಗೆ ಇಳಿಯಿತು, ಅಂದರೆ 4 ಕಾಲು ಇಂಚು ಕುಸಿತ. ಚಕ್ರಕ್ಕೆ ಇರುವ ಒಟ್ಟು ಓಡಾಟದಲ್ಲಿ ಸುಮಾರು ಮೂರನೇ ಒಂದು ಭಾಗ ಕುಸಿದರೆ ಸರಿ. ನಮ್ಮ ಗಾಡಿಯ ಓಡಾಟ 10 ಇಂಚಿನ ಹತ್ತಿರ, ಹಾಗಾಗಿ 3 ಚಿಲ್ಲರೆ ಇಂಚು ಇರಬೇಕಿತ್ತು. ಸ್ಪ್ರಿಂಗ್‌ನ ಹೊಂದಾಣಿಕೆಯೂ ತಪ್ಪಿತ್ತು, ಡ್ಯಾಂಪರೂ ಸತ್ತಿತ್ತು. ಎರಡು ಬೇರೆ ಬೇರೆ ಕಾಯಿಲೆ.

ಗೋಲಿ ಸೋಡಾ ಮತ್ತು ನೈಟ್ರೋಜನ್

ನಮ್ಮ ಶಾಕ್‌ಗೆ ಇನ್ನೊಂದು ವಿಚಿತ್ರ ಗುಣವಿತ್ತು. ಬೆಳಿಗ್ಗೆ ಮೊದಲ ಐದು ನಿಮಿಷ ಸುಮಾರಾಗಿ ಇರುತ್ತಿತ್ತು, ಇಪ್ಪತ್ತು ನಿಮಿಷಕ್ಕೆ ಪೂರ್ತಿ ಕೈಬಿಡುತ್ತಿತ್ತು, ಊಟ ಮುಗಿಸಿ ಬಂದರೆ ಮತ್ತೆ ಸ್ವಲ್ಪ ಜೀವ. ಇದರ ಕಾರಣ ನನಗೆ ಇಡೀ ಕೆಲಸದಲ್ಲಿ ಅತ್ಯಂತ ಇಷ್ಟವಾದ ಭಾಗ.

ಪಿಸ್ಟನ್ ವೇಗವಾಗಿ ಓಡಿದಾಗ ಅದರ ಹಿಂದೆ ಒತ್ತಡ ಥಟ್ಟನೆ ಇಳಿಯುತ್ತದೆ. ಅಲ್ಲಿ ಎಣ್ಣೆಯಲ್ಲಿ ಗುಳ್ಳೆಗಳು ಏಳುತ್ತವೆ. ಎಣ್ಣೆ ನೊರೆಯಾದರೆ ಪಿಸ್ಟನ್ ತೂತಿನಲ್ಲಿ ನುಗ್ಗುವುದು ನೊರೆ, ನೊರೆಗೆ ತಡೆಯುವ ಶಕ್ತಿ ಎಲ್ಲಿಯದು? ಗೋಲಿ ಸೋಡಾ ನೆನಪಿಸಿಕೊಳ್ಳಿ. ಗೋಲಿ ಬಾಯಿಗೆ ಅಂಟಿಕೊಂಡು ಒಳಗೆ ಒತ್ತಡ ಇರುವವರೆಗೂ ಸೋಡಾ ತಿಳಿಯಾಗಿ ಕಾಣುತ್ತದೆ. ಗೋಲಿ ಒತ್ತಿದ ಕ್ಷಣ ಬುಸ್ ಎಂದು ಗುಳ್ಳೆ. ಶಾಕ್‌ನಲ್ಲೂ ಗುಳ್ಳೆ ಏಳದಂತೆ ಎಣ್ಣೆಯನ್ನು ಸದಾ ಒತ್ತಡದಲ್ಲಿ ಇಡಬೇಕು. ಅದಕ್ಕೇ ಪಕ್ಕದಲ್ಲಿ ಒಂದು ಸಣ್ಣ ಡಬ್ಬಿ ಇರುತ್ತದೆ. ಅದರಲ್ಲಿ ರಬ್ಬರ್ ಚೀಲ ಅಥವಾ ತೇಲುವ ಪಿಸ್ಟನ್, ಅದರ ಒಂದು ಬದಿಗೆ ಎಣ್ಣೆ, ಇನ್ನೊಂದು ಬದಿಗೆ ನೈಟ್ರೋಜನ್ ಅನಿಲ. ಫ್ರಾನ್ಸಿನ ಕ್ರಿಶ್ಚಿಯನ್ ಬೂರ್ಸಿಯೆ ದ ಕಾರ್ಬೋನ್ 1950ರ ದಶಕದಲ್ಲಿ ರೂಪಿಸಿದ ಉಪಾಯ ಇದು.

ಅನಿಲದ ಒತ್ತಡ 150 ಪಿಎಸ್‌ಐ ಎಂದುಕೊಳ್ಳಿ, ಸರಳಿನ ವ್ಯಾಸ 14 ಮಿಲಿಮೀಟರ್. ಲೆಕ್ಕ ಹಾಕಿದರೆ ಆ ಒತ್ತಡ ಸರಳನ್ನು ಸುಮಾರು 16 ಕಿಲೋ ತೂಕದಷ್ಟು ಬಲದಿಂದ ಹೊರಗೆ ತಳ್ಳುತ್ತಿರುತ್ತದೆ. ಇದು ಪರೀಕ್ಷೆಗೂ ಒದಗುತ್ತದೆ. ಸ್ಪ್ರಿಂಗ್ ತೆಗೆದ ಮೇಲೆ ಸರಳನ್ನು ಒಳಗೆ ಒತ್ತಿ ಬಿಟ್ಟರೆ ಅದು ತಾನಾಗಿ ನಿಧಾನವಾಗಿ ಹೊರಗೆ ಬರಬೇಕು. ನಮ್ಮದು ಒತ್ತಿದಲ್ಲೇ ಕೂತಿತು. ಮಧ್ಯದಲ್ಲಿ ಒಂದು ಇಂಚು ಏನೂ ಸಿಗದಂತೆ ಖಾಲಿ ಜಾರಿತು. ಅಲ್ಲಿ ಗಾಳಿ ಸೇರಿದೆ ಎಂದರ್ಥ.

ಬರೀ ಗಾಳಿಯೇ ತುಂಬಿದರೆ ಆಗದೇ, ಗಾಳಿಯಲ್ಲಿ ಹೇಗೂ 78 ಭಾಗ ನೈಟ್ರೋಜನ್ ಇದೆಯಲ್ಲ ಎಂದು ನಮ್ಮ ಕ್ಲಾಸಿನ ಒಬ್ಬ ಕೇಳಿದ. ಒಳ್ಳೆಯ ಪ್ರಶ್ನೆ. ಉಳಿದ ಭಾಗದಲ್ಲಿ ತೇವ ಇದೆ, ಆಮ್ಲಜನಕ ಇದೆ. ತೇವ ಒಳಗೆ ತುಕ್ಕು ಹಿಡಿಸುತ್ತದೆ, ಬಿಸಿಯಾದಾಗ ಆವಿಯಾಗಿ ಒತ್ತಡ ಏರಿಳಿಸುತ್ತದೆ. ಆಮ್ಲಜನಕ ಎಣ್ಣೆಯನ್ನು ಬೇಗ ಕೆಡಿಸುತ್ತದೆ. ವೆಲ್ಡಿಂಗ್‌ನವರ ಆಮ್ಲಜನಕದ ಸಿಲಿಂಡರನ್ನಂತೂ ಹತ್ತಿರವೂ ತರಬಾರದು, ಒತ್ತಡದ ಶುದ್ಧ ಆಮ್ಲಜನಕ ಎಣ್ಣೆಗೆ ತಗುಲಿದರೆ ಸ್ಫೋಟವಾಗಬಹುದು.

ಬಿಚ್ಚುವುದು

ಎಲ್ಲ ಶಾಕ್‌ಗಳನ್ನೂ ಬಿಚ್ಚಲಾಗುವುದಿಲ್ಲ. ಅಗ್ಗದ ಕೆಲವು ಶಾಕ್‌ಗಳ ಬಾಯಿಯನ್ನು ಕಾರ್ಖಾನೆಯಲ್ಲೇ ಮಡಚಿ ಮುಚ್ಚಿರುತ್ತಾರೆ, ಅವನ್ನು ಬದಲಾಯಿಸಬೇಕಷ್ಟೇ. ಡಬ್ಬಿಯ ಮೇಲೆ ಟೈರಿನಂಥ ವಾಲ್ವ್ ಇದ್ದು, ಸೀಲ್ ಹೆಡ್ ಅನ್ನು ತಂತಿಯ ಲಾಕ್ ರಿಂಗ್ ಹಿಡಿದಿದ್ದರೆ ಸಾಮಾನ್ಯವಾಗಿ ರಿಪೇರಿ ಆಗುತ್ತದೆ.

ಗಾಡಿಯಿಂದ ಶಾಕ್ ಇಳಿಸುವುದು ಮೇಲೊಂದು, ಕೆಳಗೊಂದು ಬೋಲ್ಟ್‌ನ ಕೆಲಸ. ಅದಕ್ಕೆ ಮೊದಲು ಚೆನ್ನಾಗಿ ತೊಳೆಯಿರಿ, ಒಂದು ಕಣ ಮರಳು ಒಳಗೆ ಹೋದರೆ ಹೊಸ ಸೀಲ್ ಕೂಡ ಉಳಿಯುವುದಿಲ್ಲ. ಸ್ಪ್ರಿಂಗ್ ಉದ್ದ ಅಳೆದು ಬರೆದಿಡಿ, ರಿಂಗ್ ಪೂರ್ತಿ ಸಡಿಲಿಸಿ, ಆಮೇಲೆ ಸ್ಪ್ರಿಂಗ್ ತೆಗೆಯಿರಿ. ಒತ್ತಡದಲ್ಲಿರುವ ಸ್ಪ್ರಿಂಗ್ ಮತ್ತು ಒತ್ತಡದಲ್ಲಿರುವ ಅನಿಲ, ಈ ಎರಡರ ಹತ್ತಿರ ಮಕ್ಕಳೇ, ದೊಡ್ಡವರೊಬ್ಬರು ಪಕ್ಕದಲ್ಲಿ ಇರಲೇಬೇಕು. ಕನ್ನಡಕ ಹಾಕಿಕೊಂಡು, ವಾಲ್ವನ್ನು ಮುಖದಿಂದ ಆಚೆ ತಿರುಗಿಸಿ, ಅನಿಲ ಪೂರ್ತಿ ಹೊರಬಿಟ್ಟ ಮೇಲೆಯೇ ಉಳಿದ ಯಾವ ಭಾಗಕ್ಕೂ ಕೈ ಹಾಕಿ. ನಮ್ಮದರಲ್ಲಿ ಅನಿಲ ಇರಲಿಲ್ಲ ಎಂದು ಗೊತ್ತಿದ್ದರೂ ಅಪ್ಪ ವಾಲ್ವ್ ಒತ್ತಿಯೇ ನೋಡಿದರು.

ಲಾಕ್ ರಿಂಗ್ ತೆಗೆದು ಸರಳು ಎಳೆದಾಗ ಬಂದ ಎಣ್ಣೆ ನೋಡಬೇಕಿತ್ತು. ಹೊಸ ಶಾಕ್ ಎಣ್ಣೆ ತಿಳಿಯಾಗಿ, ತೆಳ್ಳಗೆ ಇರುತ್ತದೆ. ಇದು ಪಾತ್ರೆ ತೊಳೆದ ನೀರಿನ ಬಣ್ಣ, ಸುಟ್ಟ ವಾಸನೆ, ಬೆಳಕಿಗೆ ಹಿಡಿದರೆ ಲೋಹದ ಮಿನುಗು.

ಸರಳಿನ ತುದಿಯಲ್ಲಿ ಪಿಸ್ಟನ್, ಪಿಸ್ಟನ್‌ನ ಎರಡೂ ಬದಿಗೆ ಕಾಗದದಷ್ಟು ತೆಳುವಾದ ಉಕ್ಕಿನ ವಾಷರ್‌ಗಳ ಗೋಪುರ. ಇವುಗಳಿಗೆ ಶಿಮ್ ಎನ್ನುತ್ತಾರೆ. ಒಂದು 0.10 ಮಿಲಿಮೀಟರ್, ಇನ್ನೊಂದು 0.15, ಇನ್ನೊಂದು 0.20. ಎಣ್ಣೆ ಒತ್ತಿದಾಗ ಇವು ಬಾಗಿ ದಾರಿ ಬಿಡುತ್ತವೆ. ಎಷ್ಟು ಬಾಗಬೇಕು ಎನ್ನುವುದನ್ನು ಅವುಗಳ ದಪ್ಪ, ಅಗಲ ಮತ್ತು ಜೋಡಿಸಿದ ಕ್ರಮ ನಿರ್ಧರಿಸುತ್ತದೆ. ಒಂದು ಶಿಮ್ ಹಿಂದುಮುಂದಾದರೂ ಗಾಡಿಯ ಸ್ವಭಾವವೇ ಬದಲು. ನಾನು ಅವನ್ನು ತೆಗೆದ ಕ್ರಮದಲ್ಲೇ ಒಂದು ತಂತಿಗೆ ಪೋಣಿಸಿದೆ, ಅಮ್ಮ ಮಲ್ಲಿಗೆ ಕಟ್ಟುವ ಹಾಗೆ. ಪ್ರತಿ ಹಂತಕ್ಕೂ ತಂಗಿ ಫೋಟೋ ತೆಗೆದಳು. ಪಿಸ್ಟನ್ ಬಿಚ್ಚಲೇಬೇಕು, ಏಕೆಂದರೆ ಹಳೆಯ ಸೀಲ್ ಹೆಡ್ ಹೊರಗೆ ಬರುವುದು ಆ ತುದಿಯಿಂದಲೇ.

ಮತ್ತೆ ಇಲ್ಲಿ ಲೆಕ್ಕ ತಲೆಕೆಳಗಾಯಿತು. ಸರಳಿನ ಮೇಲೆ ಉಗುರು ಎಳೆದು ನೋಡಿ ಎಂದು ಸರ್ವಿಸ್ ಮ್ಯಾನುಯಲ್ ಹೇಳುತ್ತದೆ. ಎಳೆದಾಗ ಸೀಲ್ ಓಡಾಡುವ ಜಾಗದಲ್ಲೇ ಉಗುರು ಎರಡು ಕಡೆ ಸಿಕ್ಕಿಕೊಂಡಿತು. ತುಕ್ಕಿನ ಸಣ್ಣ ಗುಳಿಗಳು. ಸೀಲ್ ಹೋದದ್ದು ವಯಸ್ಸಾಗಿ ಅಲ್ಲ, ಈ ಗುಳಿಗಳು ಅದನ್ನು ಪ್ರತಿ ಓಟದಲ್ಲೂ ಹೆರೆಯುತ್ತಿದ್ದವು. ಸೀಲ್ ಕಿಟ್‌ಗೆ 60 ಡಾಲರ್, ಎಣ್ಣೆಗೆ 20, ನೈಟ್ರೋಜನ್ ತುಂಬಿಸಲು 25 ಎಂದು ಬರೆದುಕೊಂಡಿದ್ದ ನನ್ನ ಹಾಳೆಗೆ ಹೊಸ ಸರಳು 140 ಡಾಲರ್ ಸೇರಿತು. ಸದ್ಯಕ್ಕೆ ಹೊಸ ಸೀಲ್ ಹಾಕಿ ಓಡಿಸಿದರೆ ಈ ಬೇಸಿಗೆ ದಾಟುತ್ತದೆ ಎನ್ನುವುದು ಒಂದು ದಾರಿ. ಮರಳಿನಲ್ಲಿ ಅದು ಕೆಲವೇ ವಾರ ಬಾಳುತ್ತಿತ್ತು, ಅದರ ಜೊತೆ ಹೊಸ ಎಣ್ಣೆಯೂ ಅನಿಲವೂ ಹೋಗುತ್ತಿದ್ದವು. ಹೊಸ ಶಾಕ್ ಕೊಂಡರೆ 600 ಡಾಲರ್ ಮೇಲೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಳು ತರಿಸು. ಅರ್ಧ ನಿನ್ನ ದುಡ್ಡು" ಎಂದರು. ನನ್ನ ಹುಲ್ಲು ಕತ್ತರಿಸುವ ಸಂಪಾದನೆಯ ಆರು ವಾರ ಅಲ್ಲಿಗೆ ಹೋಯಿತು.

ಮತ್ತೆ ಕಟ್ಟುವುದು

ಹೊಸ ಸೀಲ್, ಬುಷ್, ಓ ರಿಂಗ್‌ಗಳು, ಪಿಸ್ಟನ್ ಸುತ್ತಿನ ಪಟ್ಟಿ, ರಬ್ಬರ್ ಚೀಲ, ಎಲ್ಲಕ್ಕೂ ಎಣ್ಣೆ ಸವರಿ ಜೋಡಿಸುವುದು ಒಂದು ಗಂಟೆಯ ಕೆಲಸ. ನಿಜವಾಗಿ ತಾಳ್ಮೆ ಬೇಕಾದದ್ದು ಎಣ್ಣೆಯಿಂದ ಗಾಳಿ ಬಿಡಿಸುವುದಕ್ಕೆ. ಎಣ್ಣೆಯನ್ನು ಮೆಲ್ಲಗೆ ಸುರಿಯಿರಿ. ಸರಳನ್ನು ಅಂಗುಲ ಅಂಗುಲವಾಗಿ ಮೇಲೆ ಕೆಳಗೆ ಆಡಿಸಿ. ಕೊಳವೆಗೆ ರಬ್ಬರ್ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ, ಕಾಯಿರಿ. ಗುಳ್ಳೆ ಬರುತ್ತವೆ. ಮತ್ತೆ ಆಡಿಸಿ, ಮತ್ತೆ ಕಾಯಿರಿ. ಗುಳ್ಳೆ ನಿಂತಿತು ಅನ್ನಿಸಿದ ಮೇಲೂ ಹತ್ತು ನಿಮಿಷ ಬಿಟ್ಟು ನೋಡಿದರೆ ಇನ್ನೂ ನಾಲ್ಕು ಬರುತ್ತವೆ. ನಾನು ಇದಕ್ಕೆ ಮುಕ್ಕಾಲು ಗಂಟೆ ಕೊಟ್ಟೆ. ಅವಸರ ಮಾಡಿದರೆ ಹಳೆಯ ಖಾಲಿ ಜಾರುವಿಕೆ ಹೊಸ ಶಾಕ್‌ನಲ್ಲೂ ಉಳಿದುಕೊಳ್ಳುತ್ತದೆ.

ನೈಟ್ರೋಜನ್ ಮಾತ್ರ ಮನೆಯಲ್ಲಿ ಬೇಡ. ಮೋಟಾರ್‌ಸೈಕಲ್ ಸಸ್ಪೆನ್ಷನ್ ಕೆಲಸ ಮಾಡುವ ಅಂಗಡಿಗಳಲ್ಲಿ ಸಿಲಿಂಡರ್, ರೆಗ್ಯುಲೇಟರ್ ಎರಡೂ ಇರುತ್ತವೆ. ಡಬ್ಬಿಯ ಒಳಗಿನ ಜಾಗ ಎಷ್ಟು ಚಿಕ್ಕದೆಂದರೆ, ತುಂಬಿದ ಮೇಲೆ ಸಾಮಾನ್ಯ ಗೇಜ್ ಹಚ್ಚಿ ಒತ್ತಡ ನೋಡಲು ಹೋದರೆ ಗೇಜ್‌ನ ಪೈಪ್ ತುಂಬುವುದಕ್ಕೇ ಸಾಕಷ್ಟು ಅನಿಲ ಹೋಗಿ ಒತ್ತಡ ಇಳಿದುಬಿಡುತ್ತದೆ. ಆದ್ದರಿಂದ ತುಂಬಿಸಿಕೊಂಡು ಬಂದ ಮೇಲೆ ಮತ್ತೆ ಮತ್ತೆ ಪರೀಕ್ಷಿಸುವ ಚಪಲ ಬೇಡ.

ಶಾಕ್ ಮತ್ತೆ ಹತ್ತಿಸುವಾಗ ಲಿಂಕೇಜ್‌ನ ಸೂಜಿ ಬೇರಿಂಗ್‌ಗಳಿಗೆ ಹೊಸ ಗ್ರೀಸ್ ತುಂಬಿ, ಬೋಲ್ಟ್‌ಗಳನ್ನು ನಿಮ್ಮ ಗಾಡಿಯ ಮ್ಯಾನುಯಲ್ ಹೇಳಿದ ಅಳತೆಗೆ ಟಾರ್ಕ್ ರೆಂಚ್‌ನಿಂದ ಬಿಗಿ ಮಾಡಿ. ನಾವು ಪ್ರೀಲೋಡ್ ಸರಿಪಡಿಸಿ ಮತ್ತೆ ಅಳೆದಾಗ ಕುಸಿತ 3 ಕಾಲು ಇಂಚಿಗೆ ಬಂತು. ಹಿಂದಿನ ಹಿಡಿ ಒತ್ತಿ ಬಿಟ್ಟರೆ ಒಂದೇ ಸಲ ಮೇಲೆ ಬಂದು ನಿಂತಿತು. ಅಮ್ಮ ತಾವೇ ಬಂದು ಎರಡು ಸಲ ಒತ್ತಿ ನೋಡಿದರು.

ಮೊದಲ ದಿನ ದಿಬ್ಬಗಳಲ್ಲಿ ಜಿಗಿಯುವ ಮುನ್ನ ಸರಳಿಗೆ ಒಂದು ಪ್ಲಾಸ್ಟಿಕ್ ಜಿಪ್ ಟೈ ಕಟ್ಟಿ, ಸೀಲ್ ಹತ್ತಿರ ಸರಿಸಿ. ಶಾಕ್ ಎಷ್ಟು ಒಳಗೆ ಹೋಯಿತೋ ಅದು ಅಲ್ಲಿಗೆ ಸರಿದು ನಿಂತಿರುತ್ತದೆ. ನಮ್ಮದು ಕೊನೆಯ ತುದಿಗೆ ಒಂದು ಬೆರಳಗಲ ಮೊದಲೇ ನಿಂತಿತ್ತು. ಅಂದರೆ ಕೆಳಗೆ ಬಡಿದಿಲ್ಲ, ಆದರೆ ಇರುವ ಓಡಾಟವನ್ನೆಲ್ಲ ಬಳಸಿಕೊಂಡಿದೆ. ಸೆಪ್ಟೆಂಬರ್‌ನಲ್ಲಿ ಎರಡು ವಾರಾಂತ್ಯ ಓಡಿಸಿದ್ದೇವೆ, ಸರಳು ಒಣಗಿಯೇ ಇದೆ. ತಂಗಿ ಸದ್ಯಕ್ಕೆ ಕಿತ್ತಳೆ ಬಾವುಟ ಕಟ್ಟುವ ಮತ್ತು ಜಿಪ್ ಟೈ ಅಳೆಯುವ ಅಧಿಕಾರಿ.

ಕೊನೆಗೆ ಒಂದು ವಿಷಯ, ಹಳೆಯ ಎಣ್ಣೆಯನ್ನು ಮೋರಿಗೆ ಸುರಿಯಬೇಡಿ. ಮುಚ್ಚಳ ಇರುವ ಡಬ್ಬಿಯಲ್ಲಿ ತುಂಬಿ, ಬಳಸಿದ ಎಣ್ಣೆ ತೆಗೆದುಕೊಳ್ಳುವ ಕೇಂದ್ರಕ್ಕೆ ಕೊಡಿ. ನಮ್ಮ ಡಬ್ಬಿ ಇನ್ನೂ ಗ್ಯಾರೇಜಿನ ಮೂಲೆಯಲ್ಲೇ ಇದೆ, ಮುಂದಿನ ಎರಡು ಶಾಕ್‌ಗಳ ಎಣ್ಣೆಯೂ ಅದಕ್ಕೇ ಸೇರಬೇಕಲ್ಲ. ಬಲಗಡೆಯದರ ಸರಳಿನ ಸುತ್ತ ಮೊನ್ನೆ ಒಂದು ಕಪ್ಪು ಉಂಗುರ ಕಾಣಿಸಿದೆ.